ಆಂಟಿಯ ಪತ್ತೇದಾರಿ ಮುಖಪುಟಗಳು

ಮಾರ್ಚ್ ಎಂಟು, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ.

ಮುಖಪುಟದ ಮೇಲೆ ಪಿಸ್ತೂಲು ಕಂಡರೆ ಆಂಟಿಯ ಬಲಹುಬ್ಬು ತಾನಾಗಿ ಮೇಲೇರುತ್ತಿತ್ತು, ಚೂರಿಯಾದರೆ ಎರಡೂ. ಗಲ್ಫಿನಲ್ಲಿ, ಊದ್ ಮೇಥಾದ ಅವರ ಫ್ಲ್ಯಾಟಿನ ಒಂದು ಕೋಣೆಯಲ್ಲಿ ನಾನು ಮೂರು ವರ್ಷ ಬಾಡಿಗೆಗಿದ್ದೆ. ಆಂಟಿ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದವರು ಕೈತೊಳೆದು, ಇಸ್ತ್ರಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಹಳೆಯ ಕನ್ನಡ ಪತ್ತೇದಾರಿ ಕಾದಂಬರಿಗಳನ್ನು ಹರಡಿಕೊಳ್ಳುತ್ತಿದ್ದರು. ಅಂಗೈಯಗಲದ ಪಾಕೆಟ್ ಪುಸ್ತಕಗಳು. ಲೆಕ್ಕವಿಡುವುದು ನನ್ನ ಚಾಳಿ, ಆದ್ದರಿಂದ ಡೈರಿಯಲ್ಲಿದೆ: ಒಟ್ಟು ನೂರ ಹನ್ನೆರಡು. ಪಿಸ್ತೂಲು ಅರವತ್ತನಾಲ್ಕು, ಚೂರಿ ಮೂವತ್ತೊಂದು, ಉಳಿದವುಗಳಲ್ಲಿ ಬರೀ ಕಿರುಚುವ ಹೆಂಗಸರು.

ರಜೆಗೆ ಊರಿಗೆ ಹೊರಟವರಿಗೆಲ್ಲ ಅವರದು ಒಂದೇ ಬೇಡಿಕೆ. ಹಳೆ ಪುಸ್ತಕದಂಗಡಿಯಲ್ಲಿ ಅತಿ ಕೆಟ್ಟ ಚಿತ್ರವಿರುವುದನ್ನು ಹುಡುಕಿ ತರಬೇಕು. ಕೆಲವರು ಮುಜುಗರಪಟ್ಟು ಸಂತರ ಚರಿತ್ರೆ ತರುತ್ತಿದ್ದರು. ಆಂಟಿ ನಗುನಗುತ್ತಲೇ ಅದನ್ನು ತೆಗೆದುಕೊಂಡು, ಅವರು ಹೋದ ಮೇಲೆ "ಪಾಪ, ಒಳ್ಳೆಯವರು" ಎಂದು ನಿಟ್ಟುಸಿರು ಬಿಡುತ್ತಿದ್ದರು.

ಚಿತ್ರಗಳನ್ನು ಅವರು ರೋಗಿಗಳಂತೆ ಪರೀಕ್ಷಿಸುತ್ತಿದ್ದರು. "ಗುಂಡು ಬಿದ್ದದ್ದು ಭುಜಕ್ಕೆ, ರಕ್ತ ಬರುವುದು ಹೊಟ್ಟೆಯಿಂದ. ಇವನಿಗೆ ಮೊದಲೇ ಅಲ್ಸರ್ ಇತ್ತು ಮಾರಾಯ್ತಿ."

ಒಮ್ಮೆ ಹೊಲಿಗೆ ಬಿಟ್ಟ ಹದಿನೆಂಟು ಪುಸ್ತಕಗಳನ್ನು ರಾಸ್ ಅಲ್ ಖೋರ್‌ನಲ್ಲಿ ಕಾರಿನ ಸೀಟು ಹೊಲಿಯುವ ವರ್ಕ್‌ಶಾಪಿಗೆ ಕೊಟ್ಟರು. ಮಾಲೀಕರು ಪುತ್ತೂರಿನ ಬ್ಯಾರಿ. ಅವರ ತಾಯಿ ಆಸ್ಪತ್ರೆಯಲ್ಲಿದ್ದಾಗ ಆಂಟಿ ನೋಡಿಕೊಂಡಿದ್ದರು. ಆ ಪ್ರೀತಿಗೆ ಅವರು ಕೇಳಿದ್ದಕ್ಕಿಂತ ಹೆಚ್ಚೇ ಮಾಡಿಬಿಟ್ಟರು: ಹರಕು ಮುಖಪುಟಗಳನ್ನೆಲ್ಲ ಕಿತ್ತು, ಕಪ್ಪು ರೆಕ್ಸಿನ್ ಹೊದಿಸಿದ ಗಟ್ಟಿ ರಟ್ಟು ಹಾಕಿಸಿದರು. ಹದಿನೆಂಟೂ ಬೈಬಲ್ಲಿನ ಹಾಗೆ ಕಾಣುತ್ತಿದ್ದವು.

ಪುಸ್ತಕ ತರಲು ಹೋದಾಗ ನಾನೂ ಜೊತೆಗಿದ್ದೆ. ಆಂಟಿ ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅಣ್ಣಾ, ಕವರ್ ಎಲ್ಲಿ?"

"ಆ ಹರಕು ಎಂತಕ್ಕೆ ಸಿಸ್ಟರ್? ಇದು ದೊಡ್ಡ ಗಾಡಿಗೆ ಹಾಕುವ ಮಾಲು. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗುದಿಲ್ಲ."

"ಬಿಸಾಡಿದಿರಾ?"

ಹುಡುಗರು ಕೇಳಿ ತೆಗೆದುಕೊಂಡರು ಎಂದು ಅವರು ಹಿಂದಿನ ಊಟದ ಕೋಣೆಗೆ ಕರೆದೊಯ್ದರು. ಮೈಕ್ರೋವೇವಿನ ಮೇಲಿನ ಗೋಡೆಯಲ್ಲಿ ಹದಿನೆಂಟೂ ಟೇಪು ಹಚ್ಚಿಸಿಕೊಂಡು ನಿಂತಿದ್ದವು. ಆಂಟಿ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಬಿಡಿಸುವವರು. ಚೀಲದಲ್ಲಿದ್ದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಬಣ್ಣ ಏಳದಂತೆ ಒಂದೊಂದೇ ಬಿಡಿಸತೊಡಗಿದರು.

ಊಟಕ್ಕೆ ಕೂತಿದ್ದ ಕೆಲಸದವರು ತಟ್ಟೆ ಹಿಡಿದುಕೊಂಡೇ ನೋಡುತ್ತಿದ್ದರು. ಹದಿನೇಳು ಮುಗಿದು ಕೊನೆಯದಕ್ಕೆ ಕೈಯಿಟ್ಟಾಗ ಪೇಶಾವರದ ಹೊಲಿಗೆಯವನೊಬ್ಬ, ಬಾಜೀ, ಅಂದರೆ ಅಕ್ಕಾ, ಅದೊಂದನ್ನು ಬಿಡಿ ಎಂದು ಹಿಂದಿಯಲ್ಲಿ ಬೇಡಿಕೊಂಡ. ಹಸಿರು ಸೀರೆಯ ಹೆಂಗಸು, ಕೈಯಲ್ಲಿ ಪಿಸ್ತೂಲು, ಕಾಲ ಬಳಿ ಬಿದ್ದ ಗಂಡಸು. ಅವರಲ್ಲಿ ಯಾರಿಗೂ ಕನ್ನಡ ಓದಲು ಬಾರದು; ಕಥೆಯನ್ನು ದಿನಾ ಊಟದ ಹೊತ್ತಿಗೆ ತಾವೇ ಕಟ್ಟುತ್ತಿದ್ದರು. ಬಿದ್ದವನು ಸುಳ್ಳು ವೀಸಾ ಕೊಟ್ಟ ಏಜೆಂಟ್. ಆಕೆ ಹಣ ವಾಪಸು ಕೇಳಲು ಬಂದವಳು. ಅವನು ಸತ್ತಿಲ್ಲ, ಹಣ ಕೊಡಬೇಕಾಗುತ್ತದೆಂದು ಸತ್ತಂತೆ ನಟಿಸುತ್ತಿದ್ದಾನೆ. ನೇಪಾಳದ ಹುಡುಗ ಮಾತ್ರ ಒಪ್ಪುತ್ತಿರಲಿಲ್ಲ. ಅವನ ಪ್ರಕಾರ ಆಸಾಮಿ ಖಲಾಸ್.

ಆಂಟಿ ಕನ್ನಡಕ ಏರಿಸಿ ಚಿತ್ರದ ಹತ್ತಿರ ಬಾಗಿದರು. ನೂರ ಹನ್ನೆರಡರಲ್ಲಿ ಅವರಿಗೆ ಹೆಚ್ಚು ಇಷ್ಟವಾದದ್ದು ಅದೇ ಎಂದು ನನಗೆ ಗೊತ್ತಿತ್ತು. ಬಹಳ ಹೊತ್ತು ನೋಡಿದರು. ಆಮೇಲೆ, "ಸತ್ತಿಲ್ಲ. ಸತ್ತವರ ಕತ್ತು ಹೀಗೆ ಇರುವುದಿಲ್ಲ" ಎಂದು ಹಿಂದಿಯಲ್ಲಿ ತೀರ್ಪು ಕೊಟ್ಟು ಸ್ಪಿರಿಟ್ ಬಾಟಲಿಯ ಮುಚ್ಚಳ ಹಾಕಿದರು. ಪೇಶಾವರದವನು ಮೇಜು ಬಡಿದು ನಕ್ಕ. ಹುಡುಗ, ನರ್ಸ್‌ಗೆ ಏನು ಗೊತ್ತು, ಪೊಲೀಸ್ ಬಂದು ನೋಡಲಿ ಎಂದ. ನಮಗೂ ಊಟ ಬಡಿಸಿದರು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ, ಅದನ್ನು ಹೇಗೆ ಬಿಟ್ಟಿರಿ ಎಂದು ಕೇಳಿದೆ.

"ನಾನು ಸಣ್ಣದಿರುವಾಗ ಇವು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಹಗ್ಗಕ್ಕೆ ನೇತಾಡುತ್ತಿದ್ದವು. ಮುಟ್ಟಿದರೆ ಅಂಗಡಿಯವ ಬೈತಿದ್ದ. ಕವರ್ ನೋಡಿಕೊಂಡು ಮನೆವರೆಗೆ ಕಥೆ ಮಾಡ್ತಿದ್ದೆ. ಆಮೇಲೆ ಪುಸ್ತಕ ಓದಿದೆ ನೋಡು, ಒಂದೂ ಅಷ್ಟು ಚಂದ ಇರಲಿಲ್ಲ."

ಕಳೆದ ವರ್ಷ ನಿವೃತ್ತರಾಗಿ ಅವರು ಊರಿಗೆ ಹೋದರು. ಚಿತ್ರವೊಂದರ ಮುಂದೆ ನಿಂತು, ಇದರಲ್ಲಿ ಏನಾಗಿದೆ ಎಂದು ಕೇಳಿಕೊಳ್ಳುವುದನ್ನು ನನಗೆ ಕಲಿಸಿದವರು ಅವರು. ಅದಕ್ಕೂ ಮೊದಲು ನಾನು ಎಣಿಸುತ್ತಿದ್ದೆ, ಅಷ್ಟೆ.

ಹಸಿರು ಸೀರೆಯ ಹೆಂಗಸು ಇನ್ನೂ ಅದೇ ಗೋಡೆಯ ಮೇಲಿದ್ದಾಳೆ. ಆ ಮುಖಪುಟ ಬರೆದ ಕಲಾವಿದರು ಯಾರೆಂದು ಆಂಟಿಗೆ ಕೊನೆಗೂ ತಿಳಿಯಲಿಲ್ಲ. ಮೂಲೆಯಲ್ಲಿ ಅರ್ಧ ಅಳಿಸಿದ ಸಹಿಯಿದೆ. ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಬಿದ್ದವನು ಕಾದಂಬರಿಯಲ್ಲಿ ಸತ್ತನೋ ಇಲ್ಲವೋ ಎಂಬುದನ್ನು ಮಾತ್ರ ಬರೆಯಬೇಡಿ. ವರ್ಕ್‌ಶಾಪಿನಲ್ಲಿ ಅದಿನ್ನೂ ತೀರ್ಮಾನವಾಗಿಲ್ಲ.