ಕನ್ನಡಕ ಮರೆತು ಬರುತ್ತಿದ್ದ ಮೇಡಂ

ತಿಲಕ್ ನಗರದ ನಮ್ಮ ಮಹಿಳಾ ಸಂಘಕ್ಕೆ ಪ್ರತಿ ಶನಿವಾರ ಜಯನಗರದ ಒಂದು ಟ್ರಸ್ಟಿನಿಂದ ಒಬ್ಬ ಮೇಡಂ ಬರುತ್ತಿದ್ದರು. ಕುರ್ಚಿ ಹಾಕಿದರೆ ಪಕ್ಕಕ್ಕೆ ಸರಿಸಿ ನಮ್ಮ ಜೊತೆ ಚಾಪೆಯ ಮೇಲೇ ಕೂರುತ್ತಿದ್ದರು. ಓದುವ ಕಾಗದ ಏನೇ ಬಂದರೂ ಅವರದು ಒಂದೇ ಮಾತು: "ಕನ್ನಡಕ ಮರ್ತ್ ಬಂದಿದೀನಿ, ನೀವೇ ಓದ್ರಮ್ಮ."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಡುಗೆ ಕೆಲಸಕ್ಕೆ ಹೋಗುತ್ತಿದ್ದ ನಾನೇ ಅಲ್ಲಿ ಹೆಚ್ಚು ಓದಿದವಳು. ತಡವರಿಸಿದರೆ ಅವರು ಕಾಯುತ್ತಿದ್ದರೇ ಹೊರತು ಒಂದಕ್ಷರ ಹೇಳಿಕೊಡುತ್ತಿರಲಿಲ್ಲ. ವಾರ ವಾರವೂ ಮರೆಯಲು ಅದೇನು ಛತ್ರಿಯೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಬೀದಿಗೆ ನಲ್ಲಿ ನೀರು ಕೇಳಲು ಮೇಡಂ ಜೊತೆ ನೀರಿನ ಆಫೀಸಿಗೆ ಹೋದಾಗಲೂ ಅದೇ ಆಯಿತು. ಅಲ್ಲಿನ ಅಧಿಕಾರಿ ಹೊಸ ಪೈಪ್ ಹಾಕುವ ಬೀದಿಗಳ ಪಟ್ಟಿಯನ್ನು ಮೇಡಂ ಕೈಗೆ ಕೊಟ್ಟರು. ಅವರು ಅದನ್ನು ನನಗೆ ದಾಟಿಸಿದರು. ಬೆರಳಿಟ್ಟು ಓದಿದೆ. ಮತ್ತೆ ಮೇಲಿನಿಂದ ಓದಿದೆ.

"ಸಾರ್, ಇದ್ರಲ್ಲಿ ನಮ್ಮ ಬೀದಿನೇ ಇಲ್ಲ."

"ಇರುತ್ತೆ, ಸರಿಯಾಗಿ ನೋಡಮ್ಮ."

"ಎರಡು ಸಲ ಓದಿದೀನಿ ಸಾರ್. ಬೇಕಾದ್ರೆ ನೀವೇ ನೋಡಿ."

ಅವರು ನೋಡಿದರು. ನಮ್ಮ ಬೀದಿಯ ಹೆಸರು ಸೇರಿಸಿ ಸಹಿ ಹಾಕಿದರು. ಸೊಂಟದಿಂದ ತುಂಬಿದ ಬಿಂದಿಗೆ ಇಳಿಸಿದ ಹಾಗಾಯಿತು ನನಗೆ. ಹೊರಗೆ ಬಂದು ನೋಡುತ್ತೇನೆ, ಮೇಡಂ ಬ್ಯಾಗಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಮೊಬೈಲಿನಲ್ಲಿ ಮೆಸೇಜು ಓದುತ್ತಿದ್ದಾರೆ!

ಈಗ ಅವರು ಬರುವುದಿಲ್ಲ. ನಲ್ಲಿಯಲ್ಲಿ ನೀರು ಬರುತ್ತದೆ. ಸಂಘದ ಕಾರ್ಯದರ್ಶಿ ನಾನು. ಕಳೆದ ಶನಿವಾರ, ಬಾಯಿಯೇ ಬಿಡದ ಹೊಸ ಸದಸ್ಯೆಯ ಕೈಗೆ ಒಂದು ಅರ್ಜಿ ಕೊಟ್ಟೆ.

"ಕನ್ನಡಕ ಮರ್ತ್ ಬಂದಿದೀನಿ, ನೀನೇ ಓದಮ್ಮ" ಎಂದೆ.

ನಾನಿನ್ನೂ ಕನ್ನಡಕವನ್ನೇ ಮಾಡಿಸಿಲ್ಲ.