ಕಪ್ಪು ದೋಣಿಯ ಹಾಯಿ

2021ರಲ್ಲಿ, ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಶಾಲೆಯ ಕೆಲಸವನ್ನು ಬಿಟ್ಟು, ಕಾರವಾರದಿಂದ ಒಂದು ಸಣ್ಣ ಹಾಯಿದೋಣಿಯನ್ನು ಹಾನಗಲ್ಲಿಗೆ ತಂದೆ. ನೀರು ಸೋರದಂತೆ ಅದರ ಒಡಲಿಗೆ ಡಾಂಬರು ಬಳಿದಿದ್ದರು. ಆ ಕಪ್ಪು ನನಗೆ ಬಹಳ ಹಿಡಿಸಿತ್ತು. ಪ್ರತಿ ಸಂಜೆ ಊರ ಕೆರೆಯಲ್ಲಿ ಅದನ್ನು ಒಬ್ಬನೇ ನಡೆಸುತ್ತಿದ್ದೆ.

ಒಂದು ದಿನ, ಎಮ್ಮೆಗಳ ಮೈ ತೊಳೆಯಲು ಬರುವ ವೃದ್ಧೆಯೊಬ್ಬರು ನನ್ನನ್ನು ತಡೆದರು.

“ಮಾಸ್ತರ, ಈ ದೋಣಿ ಇಲ್ಲಿಂದ ಒಯ್ರಿ. ನನ್ನ ಸೊಸಿ ಸಂಜಿಮುಂದ ಕೆರಿ ಕಡೆ ಬರಾಕ ಒಲ್ಲಳು. ನೀರಿನ ಮ್ಯಾಲ ಬರೇ ಬಿಳಿ ಅರಿವಿ ಅಡ್ಡಾಡತೈತಿ ಅಂತಾಳ.”

“ಅದು ಹಾಯಿ, ಯವ್ವ. ಅದರ ಕೆಳಗ ನಾನ ಕುಂತಿರ್ತೇನಿ.”

“ಕುಂತಿದ್ರ ಕಾಣಬೇಕಲ್ರಿ?”

ನನಗೆ ನಗು ಬಂತು. ಆದರೂ ಮರುದಿನ ಸಂಜೆ, ಸವಣೂರಿನಿಂದ ಬಂದಿದ್ದ ಹೆಂಡತಿಯ ತಮ್ಮನನ್ನು ದೋಣಿಯಲ್ಲಿ ಕಳಿಸಿ, ನಾನು ಏರಿಯ ಮೇಲೆ ನಿಂತೆ. ಅದುವರೆಗೆ ನನ್ನ ದೋಣಿಯನ್ನು ನಾನು ದಡದಿಂದ ನೋಡಿಯೇ ಇರಲಿಲ್ಲ. ಬೆಳಕು ಇಳಿದಂತೆ ಕಪ್ಪು ಒಡಲು ಕಪ್ಪು ನೀರಿನಲ್ಲಿ ಕರಗಿತು. ಅದರೊಳಗೆ ಕುಳಿತವನೂ ಕರಗಿದ. ಬಿಳಿ ಬಟ್ಟೆಯೊಂದು ಸದ್ದಿಲ್ಲದೆ ನಾನಿದ್ದ ಕಡೆಗೇ ಬಂದು, ನನ್ನೆದುರು ನಿಂತಿತು.

“ಹಗ್ಗ ಹಿಡೀರಿ, ಮಾಮಾ,” ಎಂದು ಅದು ನುಡಿಯಿತು.

ಹೆಂಡತಿಯ ತಮ್ಮನದೇ ದನಿ ಎಂಬುದು ತಿಳಿದಿತ್ತು. ಆದರೂ ನನ್ನ ಕೈ ಮುಂದೆ ಬರಲಿಲ್ಲ. ಅವನು ಮತ್ತೆ ಕರೆದಾಗ ನಾನು ಹಿಂದೆ ಸರಿದೆ.

ದೋಣಿಯನ್ನು ಉಳಿಸಿಕೊಳ್ಳಬೇಕಾದರೆ ಆ ಕಪ್ಪು ಹೋಗಲೇಬೇಕಿತ್ತು. ಡಾಂಬರನ್ನು ನಾನೇ ಹೆರೆದು ತೆಗೆದು, ಹಲಗೆಗಳ ಸಂದುಗಳನ್ನು ತುಂಬಿ, ಹಳದಿ ಬಣ್ಣ ಬಳಿದೆ. ಆ ವೃದ್ಧೆಯ ಸೊಸೆ ಮುಸ್ಸಂಜೆ ಏರಿಯ ಮೇಲೆ ನಿಂತು ನೋಡಿ, “ಈಗ ಕಾಣಾಕತ್ತೀರಿ, ಇರ್ಲಿ ಬಿಡ್ರಿ,” ಎಂದದ್ದು 2022ರ ಮಾರ್ಚ್ 6ರಂದು.