ಕುಸುಮಬಾಯಿಯ ಎಂಟು ಉಸಿರು

ನಮ್ಮ ಗಲ್ಲಿಯಲ್ಲಿ ಕುಸುಮಬಾಯಿಗೆ ಹೆದರದವರು ಇಬ್ಬರೇ ಇದ್ದೆವು: ಅವರ ಎಮ್ಮೆ ಮತ್ತು ನಾನು. ಆ ಬೇಸಿಗೆ ನೀರಿಲ್ಲವೆಂದು ಎಮ್ಮೆಯನ್ನು ನಿಲಂಗಾದ ತವರಿಗೆ ಹೊಡೆದು ಕಳಿಸಿದರು, ಹಾಗಾಗಿ ನಾನೊಬ್ಬಳೇ ಉಳಿದೆ. ನಮ್ಮೂರು ಮುರುಮದಲ್ಲಿ ಅವರದು ಕಾಳಿನ ವ್ಯಾಪಾರದ ಮನೆ. ನಾನು ಎದುರುಮನೆಯ ಬಾಗಿಲಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಕುಳಿತವಳು. ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತೇನೆ.

ಲಾತೂರಿಗೆ ರೈಲಿನಲ್ಲಿ ನೀರು ಬಂದ ವರ್ಷ ಅದು. ಮಾಕಣಿಯ ಅಣೆಕಟ್ಟು ತಳ ಕಂಡಿತ್ತು, ನಮ್ಮ ಗಲ್ಲಿಗೆ ಮೂರು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಮೊದಮೊದಲು ಯಾರ ತೋಳಿನಲ್ಲಿ ಬಲವಿತ್ತೋ ಅವರ ಹಂಡೆ ತುಂಬುತ್ತಿತ್ತು. ಮುದುಕಿಯರು, ಬಸುರಿಯರು ಖಾಲಿ ಕೊಡ ಹೊತ್ತು ಮನೆಗೆ ಹೋಗುತ್ತಿದ್ದರು. ಒಂದು ದಿನ ವೈನಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಡ್ರೈವರನ ಕೈಯಿಂದ ಪೈಪು ಕಸಿದುಕೊಂಡರು. ಅಂದಿನಿಂದ ನಲವತ್ತೂ ಮನೆಗೆ ಪಾಳಿ ಪ್ರಕಾರ ಎಂಟೆಂಟು ಕೊಡ, ಕೊನೆಗೆ ಅವರ ಮನೆ.

ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, 'ಲಾಭ' ಎಂದೇ ಎಣಿಕೆ ಶುರು ಮಾಡುತ್ತಾರೆ. ವೈನಿ ನೀರನ್ನೂ ಹಾಗೆಯೇ ಅಳೆದರು: ಲಾಭ, ಎರಡು, ಮೂರು... ಎಂಟಾದ ಕೂಡಲೇ ಮುಂದಿನ ಮನೆಯ ಹೆಸರು ಕೂಗುತ್ತಿದ್ದರು. ಅಳತೆ ನೆಟ್ಟಗಿತ್ತು, ನಾಲಿಗೆ ನೆಟ್ಟಗಿರಲಿಲ್ಲ. ಕೊಡ ಸ್ವಲ್ಪ ದೊಡ್ಡದಿದ್ದವಳ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದರು. ಎರಡು ತಿಂಗಳಾಗುವುದರಲ್ಲಿ ಅವರಿಗೆ ನಿದ್ದೆ ಹೋಯಿತು, ಹಲ್ಲು ಕಚ್ಚೀ ಕಚ್ಚೀ ದವಡೆ ನೋಯತೊಡಗಿತು.

ಒಂದು ದಿನ ಚಂಪಾಬಾಯಿ ಒಂಬತ್ತನೆಯ ಕೊಡ ಒಡ್ಡಿದಳು. ಹಿಟ್ಟಿನ ಗಿರಣಿಯವಳು, ಮಾತಿಗೆ ಮಾತು ಜೋಡಿಸುವುದರಲ್ಲಿ ಅವಳೂ ಕಡಿಮೆಯಲ್ಲ. ಸಿಟ್ಟಿನ ಭರದಲ್ಲಿ ವೈನಿ ಕಾಲು ಬೀಸಿದರು. ಉರುಳಿದ್ದು ಆಗಲೇ ತುಂಬಿಟ್ಟಿದ್ದ ಎಂಟನೆಯ ಕೊಡ, ನ್ಯಾಯವಾಗಿ ಚಂಪಾಬಾಯಿಗೆ ಸಲ್ಲಬೇಕಾದದ್ದು. ನೀರು ಧೂಳಿನಲ್ಲಿ ಇಂಗಿಹೋಗುವುದನ್ನು ಎಲ್ಲರೂ ನೋಡುತ್ತ ನಿಂತೆವು. ಸಂಜೆ ಗಲ್ಲಿಯ ಹಿರಿಯರು ಸೇರಿ ಒಂದು ಮಾತು ಆಡಿದರು. ಇನ್ನೊಮ್ಮೆ ಹೀಗಾದರೆ ಪೈಪು ಮತ್ತೆ ಡ್ರೈವರನ ಕೈಗೆ. ಅಂದರೆ ಮತ್ತೆ ತೋಳಿದ್ದವರ ರಾಜ್ಯ. ಅದು ಎಲ್ಲರಿಗಿಂತ ಚೆನ್ನಾಗಿ ವೈನಿಗೇ ಗೊತ್ತಿತ್ತು.

ವೈನಿ ಹೋಗಿ ತೋರಿಸಿಕೊಂಡಾಗ ಉಮರ್ಗಾದ ಡಾಕ್ಟರಬಾಯಿ ಬಿಪಿ ಗುಳಿಗೆ ಬರೆದುಕೊಟ್ಟು, ಜೊತೆಗೆ ಬಿಟ್ಟಿ ಔಷಧಿಯೊಂದನ್ನೂ ಹೇಳಿ ಕಳಿಸಿದರು. ಬೆಳಿಗ್ಗೆ ಎದ್ದು ಕಾಲು ಗಂಟೆ ಕಣ್ಣು ಮುಚ್ಚಿ ಕುಳಿತುಕೊಳ್ಳಬೇಕು. ಹೋಗಿಬರುವ ಉಸಿರನ್ನು ಹತ್ತರವರೆಗೆ ಎಣಿಸಿ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಅಷ್ಟೇ. ಹತ್ತೆಂದರೆ ವೈನಿಗೆ ಒಪ್ಪಿಗೆಯಾಗಲಿಲ್ಲ. ಗಲ್ಲಿಗೆಲ್ಲ ಎಂಟಿರುವಾಗ ತನಗೊಬ್ಬಳಿಗೆ ಹತ್ತು ಯಾವ ನ್ಯಾಯ ಎಂದು ಎಂಟಕ್ಕೇ ನಿಲ್ಲಿಸಿಕೊಂಡರು.

ವಾರ ಕಳೆಯಿತು. ಅವರ ಮುಖ ಮೊದಲಿಗಿಂತ ಕೆಂಪಾಗಿತ್ತು. ಡಾಕ್ಟರಬಾಯಿಗೇನೂ ತಿಳಿಯುವುದಿಲ್ಲ, ಕುಳಿತೆದ್ದರೆ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ ಎಂದರು. ಏನು ಮಾಡುತ್ತೀರಿ, ಬಿಡಿಸಿ ಹೇಳಿ ಎಂದು ಕೇಳಿದೆ. ಕಣ್ಣು ಮುಚ್ಚುತ್ತಾರಂತೆ, ಲಾಭದಿಂದ ಎಂಟರವರೆಗೆ ಉಸಿರು ಎಣಿಸುತ್ತಾರಂತೆ. ಎಂಟಾದದ್ದೇ ತಡ, ಮನಸ್ಸು ತಾನಾಗಿ ಮುಂದಿನ ಮನೆಯ ಹೆಸರು ಕೂಗುತ್ತದಂತೆ! ಒಂದೊಂದೇ ಮನೆ ಕೊಡ ಹಿಡಿದು ಬಂದು ನಿಲ್ಲುತ್ತದೆ. ಹದಿನೇಳನೆಯದು ಚಂಪಾಬಾಯಿಯ ಪಾಳಿ. ಅಲ್ಲಿಗೆ ಬರುವಷ್ಟರಲ್ಲಿ ಕೂತಲ್ಲೇ ಜಗಳ ಶುರುವಾಗಿರುತ್ತದೆ.

ನಾನು ನಕ್ಕ ನಗೆಗೆ ಯಂತ್ರದ ದಾರ ಹರಿಯಿತು. ಆಮೇಲೆ ಸಿಟ್ಟೂ ಬಂತು, ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ವೈನಿ, ಉಸಿರು ತುಂಬಲಿಕ್ಕೆ ಮಂದಿ ಯಾಕ ಬರಬೇಕ್ರೀ? ಅಲ್ಲಿ ಇರೂದು ಒಂದೇ ಮನಿ, ನಿಮ್ದು. ಎಂಟ ಮುಗದ್ರ ಮತ್ತ ನಿಮ್ಮ ಹೆಸರೇ ಕರೀರಿ."

ವೈನಿ ಗಾಬರಿಯಾದರು.

"ನಂದೇ ನಾ ಎರಡ ಸರತಿ ಹೆಂಗ ಕರೀಲಿ? ಪಾಳಿ ತಪ್ಪತದಲ್ಲ."

ತಮಾಷೆಗೆ ಹೇಳಿದ ಮಾತಲ್ಲ ಅದು. ಮನಸ್ಸಿನೊಳಗೂ ಒಂದು ಉಸಿರು ಹೆಚ್ಚಿಗೆ ತೆಗೆದುಕೊಳ್ಳಲು ಹಿಂಜರಿಯುವ ಹೆಂಗಸು. ನನಗೆ ಅವರ ಮೇಲೆ ಬಹಳ ಪ್ರೀತಿ ಬಂದದ್ದು ಆ ಗಳಿಗೆಯಲ್ಲಿ.

ಎರಡು ದಿನ ಯೋಚಿಸಿ ಒಪ್ಪಿಕೊಂಡರು. ಮೊದಮೊದಲು ಬೇರೆ ಮನೆಗಳು ನುಗ್ಗುತ್ತಿದ್ದವಂತೆ. ಅವುಗಳನ್ನು 'ಆಮೇಲೆ ಬರ್ರಿ' ಎಂದು ಬೈಯದೆ ಕಳಿಸಿ, ಮತ್ತೆ ಲಾಭದಿಂದ ಶುರು ಮಾಡುತ್ತಿದ್ದರಂತೆ. ಹೀಗೆ ಇಪ್ಪತ್ತು ದಿನ, ಒಂದೂ ತಪ್ಪಿಸದೆ. ದವಡೆ ಸಡಿಲವಾಯಿತು, ರಾತ್ರಿ ನಾಲ್ಕೈದು ತಾಸು ನಿದ್ದೆ ಹತ್ತಿತು. ಪೈಪಿನ ಬಳಿ ದನಿ ಏರಿದ್ದು ತಮಗೇ ತಿಳಿದರೆ ನಲ್ಲಿ ಬಂದ್ ಮಾಡಿ, ನಿಂತಲ್ಲೇ ಎಂಟು ಉಸಿರು ಎಣಿಸಿ, ಮತ್ತೆ ಬಿಡುತ್ತಿದ್ದರು. ಜನ ಮೊದಲು ಗೊಣಗಿದರು, ಆಮೇಲೆ ಅಷ್ಟರಲ್ಲಿ ಎಲೆ ಅಡಿಕೆ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡರು.

ಮೇ ತಿಂಗಳ ಒಂದು ದಿನ ಟ್ಯಾಂಕರ್ ಅರ್ಧವೇ ತುಂಬಿಕೊಂಡು ಬಂತು. ಇವತ್ತು ಮನೆಗೆ ನಾಲ್ಕೇ ಕೊಡ ಎಂದು ವೈನಿ ಸಾರಿದರು. ಹದಿನಾರು ಮನೆ ಸುಮ್ಮನೆ ತುಂಬಿಕೊಂಡು ಹೋದವು. ಚಂಪಾಬಾಯಿ ನಾಲ್ಕು ತುಂಬಿಸಿ ಐದನೆಯದನ್ನೂ ಮುಂದೆ ಇಟ್ಟಳು.

"ನಂದೊಂದು ಕೊಡ ಒದ್ದೀರಿ. ಅದನ್ನ ಇವತ್ತ ಹಾಕ್ರಿ."

ಗಲ್ಲಿಗೆ ಗಲ್ಲಿಯೇ ಉಸಿರು ಬಿಗಿಹಿಡಿಯಿತು. ಹಿರಿಯರಿಬ್ಬರು ಕಟ್ಟೆಯಿಂದ ಎದ್ದು ನಿಂತರು. ಡ್ರೈವರ್ ಬೀಡಿ ಬಿಸಾಡಿ ಪೈಪಿನ ಕಡೆ ನೋಡಿದ. ಜಗಳ ನೋಡುವ ಆಸೆಯಿಂದಲೇ ನಾನೂ ಯಂತ್ರ ನಿಲ್ಲಿಸಿದ್ದೆ, ಸುಳ್ಳೇಕೆ ಹೇಳಲಿ. ವೈನಿಯ ಕುತ್ತಿಗೆಯ ನರ ಉಬ್ಬಿತು. ನಲ್ಲಿ ಬಂದ್ ಮಾಡಿದರು, ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು. ಎಂಟಾಯಿತು. ಕಣ್ಣು ಬಿಡಲಿಲ್ಲ. ಮತ್ತೊಮ್ಮೆ ಎಂಟು ಎಣಿಸಿದರು.

"ಖರೇ ಅದ, ಚಂಪಾ. ತಪ್ಪ ನಂದು. ನನ್ನ ಪಾಳಿ ಬಂದಾಗ ನನ್ನ ನಾಕು ಕೊಡದಾಗಿಂದ ಒಂದು ನಿನಗ ಹಾಕ್ತೀನಿ. ಅಲ್ಲೀತನಕ ತಟಕ ನಿಲ್ಲು."

ಚಂಪಾಬಾಯಿ ಅದಕ್ಕೆ ತಯಾರಾಗಿ ಬಂದಿರಲಿಲ್ಲ. ಕೊಡ ಹಿಡಿದು ಪಕ್ಕಕ್ಕೆ ಸರಿದಳು. ಕೊನೆಯ ಪಾಳಿ ಬರುವವರೆಗೂ ಬಿಸಿಲಲ್ಲಿ ನಿಂತಳು, ಕೊಡ ತುಂಬಿಸಿಕೊಂಡಳು, ಹೋದಳು. ಹಿರಿಯರು ಮತ್ತೆ ಕಟ್ಟೆಯ ಮೇಲೆ ಕುಳಿತರು. ಡ್ರೈವರ್ ಪೈಪು ಸುತ್ತಿಕೊಂಡು ಹೊರಟ.

ಮೂರು ಕೊಡ ನೀರಲ್ಲಿ ಮೂರು ದಿನ ಆರು ಜನರ ಮನೆ ಹೇಗೆ ನಡೆಸುತ್ತೀರಿ, ಕೊಟ್ಟದ್ದಕ್ಕೆ ಹೊಟ್ಟೆ ಉರಿಯಲಿಲ್ಲವೇ ಎಂದು ಕೇಳಿದೆ. ವೈನಿ ಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತಿದ್ದರು.

"ಆ ಕೊಡ ಇಷ್ಟ ದಿನ ನನ್ನ ತಲಿಮ್ಯಾಲೇ ಇತ್ತವಾ," ಎಂದರು. "ಇವತ್ತ ಇಳಿಸೀನಿ."